‘ಇದು ನ್ಯೂ ವೇವ್ ಅಲ್ಲ ಕಣ್ರೀ!’: ಒಂದು ಹಳೇ ಜಗಳದ ಒಳಗುಟ್ಟು

ನ್ಯೂ ವೇವ್ ಅಂದರೆ ಎಪ್ಪತ್ತು-ಎಂಬತ್ತರ ದಶಕದ ಒಂದು ಬಗೆಯ ಪಾಶ್ಚಾತ್ಯ ರಾಕ್-ಪಾಪ್ ಸಂಗೀತ. ಅದರ ನಾಲ್ಕು ಜನ ಅಭಿಮಾನಿಗಳನ್ನು ಒಂದೇ ಮೇಜಿನ ಸುತ್ತ ಕೂರಿಸಿ. ನಿಮ್ಮ ಇಷ್ಟದ ಬ್ಯಾಂಡ್ ಯಾವುದು ಅಂತ ಕೇಳಿ ನೋಡಿ. ಅರವತ್ತು ದಾಟಿದ ನ್ಯೂಯಾರ್ಕಿನವರು ‘ಟಾಕಿಂಗ್ ಹೆಡ್ಸ್’ ಅನ್ನುತ್ತಾರೆ. ಮ್ಯಾಂಚೆಸ್ಟರಿನವರು ‘ನ್ಯೂ ಆರ್ಡರ್’ ಹೆಸರು ಹೇಳಿ, ಮರುಕ್ಷಣವೇ ‘ಆದ್ರೆ ಅದು ನ್ಯೂ ವೇವ್ ಅಲ್ಲ’ ಅಂತ ತಾವೇ ತಿದ್ದಿಕೊಳ್ಳುತ್ತಾರೆ. ಲಾಸ್ ಏಂಜಲೀಸಿನವರಿಗೆ ಡ್ಯುರಾನ್ ಡ್ಯುರಾನ್, ಡಿಪೆಶ್ ಮೋಡ್ ಬಿಟ್ಟರೆ ಬೇರೆ ದೇವರಿಲ್ಲ. ನಾಲ್ಕನೆಯವರು ಕ್ಯಾಲಿಫೋರ್ನಿಯಾದ ವಿಯೆಟ್ನಾಮಿ ಮನೆಯವರು ಅಂತಿಟ್ಟುಕೊಳ್ಳಿ. ಅವರು ‘ಮಾಡರ್ನ್ ಟಾಕಿಂಗ್’ ಅಂದುಬಿಡುತ್ತಾರೆ. ಆಗ ಅಲ್ಲಿಯವರೆಗೆ ಪರಸ್ಪರ ಕಿತ್ತಾಡುತ್ತಿದ್ದ ಮೂವರೂ ಒಂದಾಗಿ ಇವರ ಮೇಲೆ ಬೀಳುತ್ತಾರೆ.

ಆ ಮೇಜಿನ ಐದನೇ ಕುರ್ಚಿ ನನ್ನದು. ಈ ಹಾಡುಗಳು ಬಿಸಿಬಿಸಿಯಾಗಿ ಬಂದಾಗ ಕೇಳಿದವನಲ್ಲ ನಾನು, ಆಮೇಲೆ ಹುಡುಕಿಕೊಂಡು ಹೋದವನು. ಹಾಗಾಗಿ ಯಾವ ಊರಿನ ಪರವಾಗಿಯೂ ವಾದ ಮಾಡುವ ಹಂಗಿಲ್ಲ. ನನಗೆ ಅನ್ನಿಸುವುದು ಇಷ್ಟು: ನಾಲ್ಕೂ ಜನ ಹೇಳುತ್ತಿರುವುದು ಸರಿಯೇ. ಒಂದೇ ಪದ ಹಿಡಿದುಕೊಂಡು ನಾಲ್ಕು ಬೇರೆ ಬೇರೆ ವಿಷಯ ಮಾತಾಡುತ್ತಿದ್ದಾರೆ, ಅಷ್ಟೆ. ಹೆಸರು ಎಲ್ಲಿಂದ ಬಂತು, ಸದ್ದು ಎಲ್ಲಿಂದ ಬಂತು ಅಂತ ಎರಡನ್ನೂ ಬಿಡಿಸಿಟ್ಟು ನೋಡಿದರೆ ಗೊಂದಲ ಮುಕ್ಕಾಲು ಪಾಲು ಕರಗುತ್ತದೆ.

ಮೊದಲು ಹೆಸರಿನ ಕತೆ

ಕನ್ನಡದವರಿಗೆ ‘ಹೊಸ ಅಲೆ’ ಅಂದ ಕೂಡಲೇ ನೆನಪಿಗೆ ಬರುವುದು ಸಂಗೀತ ಅಲ್ಲ, ಸಿನಿಮಾ. 1970ರ ‘ಸಂಸ್ಕಾರ’, 1977ರ ‘ಘಟಶ್ರಾದ್ಧ’, ಹಾಡು-ಕುಣಿತ ಇಲ್ಲದ ಕಪ್ಪು-ಬಿಳುಪಿನ ಚಿತ್ರಗಳು. ಆ ಹೆಸರಿನ ಮೂಲ ಫ್ರಾನ್ಸಿನಲ್ಲಿದೆ. ಐವತ್ತರ ದಶಕದ ಕೊನೆಗೆ ಅಲ್ಲಿನ ಹುಡುಗರು ಕಡಿಮೆ ದುಡ್ಡಿನಲ್ಲಿ, ಕೈಯಲ್ಲೇ ಕ್ಯಾಮೆರಾ ಹಿಡಿದು, ಬೀದಿಯಲ್ಲೇ ಸಿನಿಮಾ ಮಾಡತೊಡಗಿದಾಗ ಅಂಟಿಕೊಂಡ ಹೆಸರು ಅದು. ಸಂಗೀತದ ನ್ಯೂ ವೇವ್ ಕೂಡ ಅದೇ ಫ್ರೆಂಚ್ ಹೆಸರಿನಿಂದ ಸಾಲ ಪಡೆದದ್ದೇ. ಆದರೆ ಸಾಲ ಪಡೆದವರ ಉದ್ದೇಶ ಸ್ವಲ್ಪ ಬೇರೆ ಇತ್ತು. ಮಾಲು ಮಾರಬೇಕಿತ್ತು.

ನ್ಯೂಯಾರ್ಕಿನ ಬವರಿ ಅನ್ನುವ ಬೀದಿ ಎಪ್ಪತ್ತರ ದಶಕದಲ್ಲಿ ಕುಡುಕರು, ಮನೆ ಇಲ್ಲದವರು ಮಲಗುವ ಜಾಗ. 1973ರ ಡಿಸೆಂಬರಿನಲ್ಲಿ ಹಿಲಿ ಕ್ರಿಸ್ಟಲ್ ಎಂಬಾತ ಅಲ್ಲಿ ಒಂದು ಬಾರ್ ತೆರೆದ. ಹೆಸರು ಸಿಬಿಜಿಬಿ. ಅದರಲ್ಲಿ ‘ಸಿ’ ಅಂದರೆ ಕಂಟ್ರಿ, ‘ಬಿಜಿ’ ಅಂದರೆ ಬ್ಲೂಗ್ರಾಸ್, ಕೊನೆಯ ‘ಬಿ’ ಬ್ಲೂಸ್. ಈ ಮೂರೂ ಬಗೆಯ ಹಾಡುಗಾರರು ಅಲ್ಲಿಗೆ ಬರಲೇ ಇಲ್ಲ ಅನ್ನಬಹುದು. ಬಂದವರು ಟೆಲಿವಿಷನ್ ಎಂಬ ಹೆಸರಿನ ಬ್ಯಾಂಡ್, ಪ್ಯಾಟಿ ಸ್ಮಿತ್, ರಮೋನ್ಸ್, ಬ್ಲಾಂಡಿ, ಟಾಕಿಂಗ್ ಹೆಡ್ಸ್. ಇವರು ಒಬ್ಬರ ಹಾಗೆ ಒಬ್ಬರಿರಲಿಲ್ಲ. ರಮೋನ್ಸ್ ಹಾಡು ಎರಡು ನಿಮಿಷದ ಗುದ್ದು. ಟೆಲಿವಿಷನ್ ಹಾಡು ಹತ್ತು ನಿಮಿಷದ ಗಿಟಾರ್ ಸಂವಾದ. ಎಲ್ಲರಿಗೂ ಸೇರಿ ‘ಪಂಕ್’, ಅಂದರೆ ಒರಟು ಬಂಡಾಯದ ರಾಕ್, ಎಂಬ ಒಂದೇ ಚೀಟಿ ಅಂಟಿತ್ತು.

ಅಷ್ಟರಲ್ಲಿ ಲಂಡನ್ನಿನಲ್ಲಿ ಒಂದು ಎಡವಟ್ಟಾಯಿತು. 1976ರ ಡಿಸೆಂಬರಿನಲ್ಲಿ ಸೆಕ್ಸ್ ಪಿಸ್ಟಲ್ಸ್ ಎಂಬ ಪಂಕ್ ಬ್ಯಾಂಡಿನ ಹುಡುಗರು ಸಂಜೆಯ ಟಿವಿ ಕಾರ್ಯಕ್ರಮದಲ್ಲಿ ನೇರ ಪ್ರಸಾರದಲ್ಲೇ ಕೆಟ್ಟ ಬೈಗುಳ ಬೈದರು. ಮರುದಿನದ ಪತ್ರಿಕೆಗಳ ತುಂಬಾ ಅದೇ ಸುದ್ದಿ. ಪಂಕ್ ಅಂದರೆ ಮನೆ ಹಾಳು ಮಾಡುವವರು ಅನ್ನುವ ಮಾತು ಹಬ್ಬಿತು. ಅಮೆರಿಕದ ರೇಡಿಯೋ ಸ್ಟೇಷನ್‌ಗಳು ಆ ಪದ ಕೇಳಿದರೇ ಬಾಗಿಲು ಹಾಕಿಕೊಳ್ಳತೊಡಗಿದವು. ರಮೋನ್ಸ್ ಮತ್ತು ಟಾಕಿಂಗ್ ಹೆಡ್ಸ್ ಎರಡೂ ಸೈರ್ ರೆಕಾರ್ಡ್ಸ್ ಕಂಪನಿಯಲ್ಲಿದ್ದವು. ಅದರ ಒಡೆಯ ಸೀಮೋರ್ ಸ್ಟೈನ್ ಬುದ್ಧಿವಂತ. 1977ರಲ್ಲಿ ‘ಇದನ್ನು ಪಂಕ್ ಅನ್ನಬೇಡಿ, ನ್ಯೂ ವೇವ್ ಅನ್ನಿ’ ಎಂಬ ಧಾಟಿಯಲ್ಲಿ ಪ್ರಚಾರ ಶುರು ಮಾಡಿದ. ಅಂಗಡಿ ಅದೇ, ಬೋರ್ಡ್ ಬೇರೆ.

ಹಾಗಾಗಿ ಮೊದಲ ಗಂಟು ಇಲ್ಲೇ ಬಿಚ್ಚಿಕೊಳ್ಳುತ್ತದೆ. ನ್ಯೂ ವೇವ್ ಅನ್ನುವುದು ಯಾವುದೋ ಒಂದು ತಾಳಕ್ಕೋ ವಾದ್ಯಕ್ಕೋ ಇಟ್ಟ ಹೆಸರಲ್ಲ. ರೇಡಿಯೋದವರು ಹೆದರಬಾರದು ಅಂತ ಇಟ್ಟ ಹೆಸರು. ಅದರ ಕೆಳಗೆ ಯಾರು ಬೇಕಾದರೂ ನಿಲ್ಲಬಹುದಿತ್ತು. ನಿಂತರು ಕೂಡ.

ಕಿವಿಗೆ ಏನು ಸಿಗುತ್ತದೆ?

ಹಾಗಂತ ಇದು ಬರೀ ಬೋರ್ಡಿನ ಕತೆಯೂ ಅಲ್ಲ. ಆ ಕಾಲದ ದೊಡ್ಡ ರಾಕ್ ಬ್ಯಾಂಡುಗಳ ಒಂದು ರೆಕಾರ್ಡ್ ಕೇಳಿ, ಪಕ್ಕದಲ್ಲೇ ಟಾಕಿಂಗ್ ಹೆಡ್ಸ್‌ನ 1977ರ ಮೊದಲ ಆಲ್ಬಂ ಕೇಳಿ. ವ್ಯತ್ಯಾಸ ಐದು ಸೆಕೆಂಡಿನಲ್ಲಿ ಗೊತ್ತಾಗುತ್ತದೆ. ಗಿಟಾರ್ ಗುಡುಗುವುದಿಲ್ಲ. ಚಿಕ್ಕ ಚಿಕ್ಕ ತುಂಡುಗಳಾಗಿ, ಕತ್ತರಿಯಲ್ಲಿ ಕಾಗದ ಕತ್ತರಿಸಿದ ಹಾಗೆ ಚಕ್ ಚಕ್ ಅನ್ನುತ್ತದೆ. ಉದ್ದುದ್ದ ಸೋಲೋ ಇಲ್ಲ. ಬೇಸ್ ಗಿಟಾರ್ ಹಿಂದೆ ನಿಂತು ಆಧಾರ ಕೊಡುವ ಬದಲು ಮುಂದೆ ಬಂದು ತಾನೇ ರಾಗ ಹಾಡುತ್ತದೆ. ಹಾಡುವವನ ದನಿಯಲ್ಲಿ ಗಂಡಸುತನದ ಠೇಂಕಾರ ಇಲ್ಲ, ಇಂಟರ್‌ವ್ಯೂಗೆ ಬಂದವನ ಗಾಬರಿ ಇದೆ.

ಆ ಗಾಬರಿಯ ದನಿ ಡೇವಿಡ್ ಬರ್ನ್‌ದು. ಉದ್ದ ಕೂದಲಿಲ್ಲ, ಚರ್ಮದ ಪ್ಯಾಂಟಿಲ್ಲ. ಆಫೀಸಿಗೆ ಹೊರಟವನ ಹಾಗೆ ಇನ್‌ಶರ್ಟ್ ಮಾಡಿಕೊಂಡು ಬಂದು ಹಾಡುತ್ತಿದ್ದ. ಅವನೂ ಡ್ರಮ್ಸ್‌ನ ಕ್ರಿಸ್ ಫ್ರಾಂಟ್ಜ್ ಕೂಡ ರೋಡ್ ಐಲೆಂಡಿನ ಕಲಾಶಾಲೆಯ ಹುಡುಗರು. ಬೇಸ್ ನುಡಿಸುವವರು ಸಿಗಲಿಲ್ಲ. ಫ್ರಾಂಟ್ಜ್‌ನ ಗೆಳತಿ ಟೀನಾ ವೇಮೌತ್, ಅದೇ ಕಲಾಶಾಲೆಯವಳು, ರೆಕಾರ್ಡ್ ಕೇಳಿಕೊಂಡು ತಾನೇ ಬೇಸ್ ಕಲಿತಳು. 1975ರ ಜೂನಿನಲ್ಲಿ ಸಿಬಿಜಿಬಿಯಲ್ಲಿ ರಮೋನ್ಸ್‌ಗಿಂತ ಮುಂಚೆ ಇವರ ಮೊದಲ ಕಾರ್ಯಕ್ರಮ ನಡೆಯಿತು. ಈ ವಿವರ ನನಗೆ ಮುಖ್ಯ ಅನ್ನಿಸುತ್ತದೆ. ಹತ್ತು ವರ್ಷ ಸಾಧನೆ ಮಾಡಿ ವೇದಿಕೆ ಹತ್ತುವುದು ಒಂದು ದಾರಿ. ವೇದಿಕೆ ಹತ್ತಬೇಕು ಅಂತ ತೀರ್ಮಾನಿಸಿ ಆಮೇಲೆ ಕಲಿಯುವುದು ಇನ್ನೊಂದು. ಪಂಕ್ ಕೊಟ್ಟದ್ದು ಆ ಎರಡನೇ ದಾರಿಯ ಪರವಾನಗಿ. ನ್ಯೂ ವೇವ್‌ನವರು ಆ ಪರವಾನಗಿ ಇಟ್ಟುಕೊಂಡು ಪಂಕ್ ಹೋಗದ ಕಡೆಗೆಲ್ಲ ಹೋದರು. ಡಿಸ್ಕೋ, ರೆಗ್ಗೆ, ಆಫ್ರಿಕಾದ ತಾಳಗಳು, ಜರ್ಮನಿಯ ಯಂತ್ರಸಂಗೀತ, ಹೀಗೆ.

ಡಿಸ್ಕೋ ಕಡೆಗೆ ಹೋದವರ ಪೈಕಿ ಬ್ಲಾಂಡಿಯ ‘ಹಾರ್ಟ್ ಆಫ್ ಗ್ಲಾಸ್’ ಹಾಡನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಅದನ್ನು ಡೆಬಿ ಹ್ಯಾರಿ, ಕ್ರಿಸ್ ಸ್ಟೈನ್ 1975ರ ಹೊತ್ತಿಗೇ ಬರೆದಿದ್ದರು. ನಿಧಾನದ ಹಾಡು. ತಮ್ಮತಮ್ಮಲ್ಲಿ ‘ಆ ಡಿಸ್ಕೋ ಹಾಡು’ ಅಂತ ಕರೆದು ಮೂಲೆಗೆ ಹಾಕಿದ್ದರು. 1978ರಲ್ಲಿ ನಿರ್ಮಾಪಕ ಮೈಕ್ ಚಾಪ್ಮನ್ ಇವರ ಹಾಡುಗಳನ್ನೆಲ್ಲ ಕೇಳಿ, ಇನ್ನೇನಾದರೂ ಇದೆಯಾ ಅಂದ. ಸಂಕೋಚದಿಂದಲೇ ಇದನ್ನು ನುಡಿಸಿ ತೋರಿಸಿದರು. ಅವನು ಹಿಡಿದುಕೊಂಡ.

ಆಗಷ್ಟೇ ಜಪಾನಿನ ರೋಲೆಂಡ್ ಕಂಪನಿಯ ಸಿಆರ್-78 ಎಂಬ ಪುಟ್ಟ ರಿದಮ್ ಪೆಟ್ಟಿಗೆ ಮಾರುಕಟ್ಟೆಗೆ ಬಂದಿತ್ತು. ಮದುವೆ ಮನೆಯಲ್ಲಿ ಆರ್ಗನ್ ನುಡಿಸುವವರು ಪಕ್ಕದಲ್ಲಿಟ್ಟುಕೊಳ್ಳುವಂಥದ್ದು. ಹಾಡಿನ ಶುರುವಿನಲ್ಲಿ ಟಿಕ್ ಟಿಕ್ ಟಿಕ ಟಿಕ್ ಅನ್ನುವುದು ಅದೇ. ಆ ಪೆಟ್ಟಿಗೆ ಹಾಕಿದ ಗೆರೆಯ ಮೇಲೆ ಕ್ಲೆಮ್ ಬರ್ಕ್ ಕೂದಲೆಳೆ ತಪ್ಪದಂತೆ ನಿಜವಾದ ಡ್ರಮ್ಸ್ ಬಾರಿಸಬೇಕಿತ್ತು. ಯಂತ್ರ ಮತ್ತು ಮನುಷ್ಯನನ್ನು ಒಂದೇ ಹೆಜ್ಜೆಗೆ ತರುವುದರಲ್ಲೇ ಗಂಟೆಗಟ್ಟಲೆ ಹೋಯಿತು. ಇನ್ನೊಂದು ಚೇಷ್ಟೆಯೂ ಇದೆ. ನಡುವೆ ಹಾಡು ನಿಂತು ಬರೀ ವಾದ್ಯ ಬರುವಾಗ ಬೆರಳು ಮಡಚಿ ಎಣಿಸಿ ನೋಡಿ. ನಾಲ್ಕು, ಮೂರು, ನಾಲ್ಕು, ಮೂರು. ಎಂಟು ಬರಬೇಕಾದಲ್ಲಿ ಏಳೇ ಇದೆ. ಮಿಶ್ರದ ಲೆಕ್ಕ! ನಮ್ಮ ಕಛೇರಿ ಕೇಳುಗರು ಇದನ್ನು ಥಟ್ಟನೆ ಹಿಡಿಯುತ್ತಾರೆ. ಡಿಸ್ಕೋದಲ್ಲಿ ಕುಣಿಯುತ್ತಿದ್ದವರು ಮಾತ್ರ ಅಲ್ಲಿ ಒಂದು ಕಾಲು ಎಡವಿರಬೇಕು.

1979ರ ಫೆಬ್ರವರಿಯಲ್ಲಿ ಬ್ರಿಟನ್ನಿನಲ್ಲಿ, ಏಪ್ರಿಲಿನಲ್ಲಿ ಅಮೆರಿಕದಲ್ಲಿ ಅದು ನಂಬರ್ ಒನ್ ಆಯಿತು. ಸಿಬಿಜಿಬಿಯ ಹಳೇ ಗೆಳೆಯರು ‘ಮಾರಿಕೊಂಡರು’ ಅಂತ ಗೊಣಗಿದರು. ‘ಇದು ನ್ಯೂ ವೇವ್ ಅಲ್ಲ’ ಅನ್ನುವ ಜಗಳದ ಮೊದಲ ಸುತ್ತುಗಳಲ್ಲಿ ಇದೂ ಒಂದು.

ಗುಂಡಿ ಒತ್ತಿದರೆ ಸಾಕು

ಬ್ರಿಟನ್ನಿನ ಕತೆ ಬೇರೆ ಥರ. 1978ರಲ್ಲಿ ಗ್ಯಾರಿ ನ್ಯೂಮನ್ ಎಂಬ ಹುಡುಗ ಗಿಟಾರ್ ಹಿಡಿದು ಪಂಕ್ ಆಲ್ಬಂ ರೆಕಾರ್ಡ್ ಮಾಡಲು ಸ್ಟುಡಿಯೋಗೆ ಹೋದ. ಹಿಂದೆ ಬಂದಿದ್ದ ಯಾರೋ ಒಂದು ಮಿನಿಮೂಗ್ ಸಿಂಥಸೈಜರ್ ಅನ್ನು, ಅಂದರೆ ವಿದ್ಯುತ್ತಿನಿಂದಲೇ ಸದ್ದು ಹುಟ್ಟಿಸುವ ಕೀಲಿಮಣೆ ವಾದ್ಯವನ್ನು, ಅಲ್ಲೇ ಬಿಟ್ಟು ಹೋಗಿದ್ದರು. ಸುಮ್ನೆ ಒಂದು ಕೀಲಿ ಒತ್ತಿದ. ಇಡೀ ಕೋಣೆ ನಡುಗುವಂಥ ಸದ್ದು ಬಂತು. ಅಲ್ಲಿಗೆ ಪಂಕ್ ಆಲ್ಬಂ ಕತೆ ಮುಗಿಯಿತು. ಮರುವರ್ಷ ‘ಆರ್ ಫ್ರೆಂಡ್ಸ್ ಎಲೆಕ್ಟ್ರಿಕ್’ ಹಾಡು ಬ್ರಿಟನ್ನಿನಲ್ಲಿ ನಂಬರ್ ಒನ್.

ಸಿಂಥಸೈಜರ್ ಹೊಸದೇನಲ್ಲ. ಮೊದಲು ಅದು ಗೋಡೆಯಷ್ಟು ದೊಡ್ಡದು, ಬೆಲೆ ಮನೆಯಷ್ಟು. ಎಪ್ಪತ್ತರ ದಶಕದ ಕೊನೆಗೆ ಜಪಾನಿನ ಕೋರ್ಗ್, ರೋಲೆಂಡ್, ಯಮಾಹಾ ಕಂಪನಿಗಳು ಅದನ್ನು ಸೂಟ್‌ಕೇಸಿನ ಗಾತ್ರಕ್ಕೂ ಮಧ್ಯಮ ವರ್ಗದ ಕೈಗೆಟುಕುವ ಬೆಲೆಗೂ ಇಳಿಸಿದವು. ಓಎಂಡಿ ಎಂಬ ಬ್ಯಾಂಡಿನ ಇಬ್ಬರು ಹುಡುಗರು ತಮ್ಮ ಮೊದಲ ಕೋರ್ಗ್ ಅನ್ನು ಅಮ್ಮನ ಬಟ್ಟೆ-ಪಾತ್ರೆ ಕ್ಯಾಟಲಾಗಿನಿಂದ ವಾರದ ಕಂತಿನಲ್ಲಿ ಕೊಂಡರು. ನಮ್ಮ ಕಡೆ ಮಿಕ್ಸಿ ಕೊಂಡ ಹಾಗೆ.

ಆ ಅಗ್ಗದ ಪೆಟ್ಟಿಗೆಗಳ ಮಿತಿಯೇ ನ್ಯೂ ವೇವ್‌ನ ಸದ್ದನ್ನು ತಿದ್ದಿದ್ದು. ಅವುಗಳಲ್ಲಿ ಬಹಳಷ್ಟು ಕೊಳಲಿನ ಹಾಗೆ. ಒಂದು ಸಲಕ್ಕೆ ಒಂದೇ ಸ್ವರ. ಪಿಯಾನೋದಲ್ಲಿ ನಾಲ್ಕೈದು ಸ್ವರ ಒಟ್ಟಿಗೆ ಒತ್ತಿ ತುಂಬಿಸುವ ಹಾಗೆ ಇದರಲ್ಲಿ ಆಗುವುದಿಲ್ಲ. ಆದ್ದರಿಂದ ಒಂಟಿ ಎಳೆಯ, ಬಾಯಲ್ಲಿ ಗುನುಗಬಹುದಾದ ರಾಗಗಳೇ ಬಂದವು. ಸೀಕ್ವೆನ್ಸರ್ ಎಂಬ ಇನ್ನೊಂದು ಯಂತ್ರ ಬಂತು. ಎಂಟೋ ಹದಿನಾರೋ ಸ್ವರ ಬರೆದುಕೊಟ್ಟರೆ ಬೇಸರವಿಲ್ಲದೆ ಅದನ್ನೇ ತಿರುಗಿಸಿ ತಿರುಗಿಸಿ ನುಡಿಸುತ್ತಿರುತ್ತದೆ. ತಾಳಕ್ಕೆ ಡ್ರಮ್ ಮಷಿನ್. ಹೆಚ್ಚುಕಡಿಮೆ ಅದೇ ಹೊತ್ತಿಗೆ ಬೆಂಗಳೂರಿನಲ್ಲಿ ರಾಡೆಲ್‌ನವರು ಎಲೆಕ್ಟ್ರಾನಿಕ್ ತಂಬೂರಿ ತಂದರು. ನಮ್ಮಲ್ಲಿ ಯಂತ್ರ ಹಿಂದೆ ಕೂತು ಶ್ರುತಿ ಹಿಡಿಯಿತು, ಅಲ್ಲಿ ಮುಂದೆ ಬಂದು ಹಾಡನ್ನೇ ನಡೆಸಿತು. ಅಷ್ಟೇ ವ್ಯತ್ಯಾಸ.

ಸಂಗೀತಗಾರರ ಸಂಘದ ಲಂಡನ್ ಶಾಖೆಗೆ ಇದು ಎಷ್ಟು ಸಿಟ್ಟು ತರಿಸಿತೆಂದರೆ, 1982ರಲ್ಲಿ ಸಿಂಥಸೈಜರ್ ನಿಷೇಧಿಸಬೇಕು ಅಂತ ಅವರು ನಿರ್ಣಯವನ್ನೇ ಪಾಸು ಮಾಡಿದರು. ಪಿಟೀಲಿನವರ ಹೊಟ್ಟೆಪಾಡಿನ ಪ್ರಶ್ನೆ. ನಗು ಬಂದರೂ ಅವರ ಭಯ ಸುಳ್ಳಾಗಿರಲಿಲ್ಲ.

ಆ ಭಯದ ಹಿನ್ನೆಲೆ ನೋಡಬೇಕಾದರೆ ಶೆಫೀಲ್ಡಿಗೆ ಹೋಗಬೇಕು. ಉಕ್ಕಿನ ಊರು. ಕಾರ್ಖಾನೆಗಳು ಒಂದೊಂದಾಗಿ ಮುಚ್ಚುತ್ತಿದ್ದವು. 1982ರ ಜನವರಿ ಹೊತ್ತಿಗೆ ಬ್ರಿಟನ್ನಿನಲ್ಲಿ ಕೆಲಸ ಇಲ್ಲದವರ ಸಂಖ್ಯೆ 30 ಲಕ್ಷ ದಾಟಿತ್ತು. ಆ ಊರಿನ ಹ್ಯೂಮನ್ ಲೀಗ್ ಬ್ಯಾಂಡ್ ಆರಂಭದಲ್ಲಿ ಗಿಟಾರ್ ಮುಟ್ಟುವುದಿಲ್ಲ ಅಂತ ಪಣ ತೊಟ್ಟಂತಿತ್ತು. ಗಾಯಕ ಫಿಲ್ ಓಕಿ ಆಸ್ಪತ್ರೆಯಲ್ಲಿ ಸ್ಟ್ರೆಚರ್ ತಳ್ಳುವ ಕೆಲಸ ಮಾಡಿದ್ದವನು. 1980ರಲ್ಲಿ ಬ್ಯಾಂಡ್ ಒಡೆಯಿತು. ಸಂಗೀತ ಗೊತ್ತಿದ್ದ ಇಬ್ಬರು ಹೊರಟು ಹೋದರು. ಉಳಿದದ್ದು ಹೆಸರು, ಸಾಲ, ಒಪ್ಪಿಕೊಂಡಿದ್ದ ಯುರೋಪ್ ಪ್ರವಾಸ. ಓಕಿ ಊರಿನ ಕ್ರೇಜಿ ಡೇಜಿ ಎಂಬ ಡಿಸ್ಕೋಗೆ ಹೋದ. ಅಲ್ಲಿ ಕುಣಿಯುತ್ತಿದ್ದ ಇಬ್ಬರು ಶಾಲಾ ಹುಡುಗಿಯರನ್ನು, ಜೋಆನ್ ಕ್ಯಾಥರಲ್ ಮತ್ತು ಸೂಸನ್ ಆನ್ ಸಲ್ಲಿಯನ್ನು, ಬ್ಯಾಂಡಿಗೆ ಬನ್ನಿ ಅಂತ ಕರೆದ. ಹಾಡುವ ಅನುಭವ ಇಬ್ಬರಿಗೂ ಇರಲಿಲ್ಲ.

ಮರುವರ್ಷದ ‘ಡೋಂಟ್ ಯೂ ವಾಂಟ್ ಮಿ’ ಹಾಡು ಗೆದ್ದದ್ದೇ ಈ ಕಾರಣಕ್ಕೆ ಅನ್ನುತ್ತೇನೆ ನಾನು. ಅದೊಂದು ಜಗಳ. ‘ನಿನ್ನನ್ನು ಬೆಳೆಸಿದವನು ನಾನು’ ಅಂತ ಗಂಡಿನ ದನಿ ಬೆದರಿಸುತ್ತದೆ. ಹೆಣ್ಣಿನ ದನಿ, ‘ನೀನಿಲ್ಲದಿದ್ದರೂ ಬೆಳೆಯುತ್ತಿದ್ದೆ ಬಿಡು’ ಎಂಬ ಧಾಟಿಯಲ್ಲಿ ತಣ್ಣಗೆ ಉತ್ತರ ಕೊಡುತ್ತದೆ. ಪಳಗಿದ ಗಾಯಕಿ ಹಾಡಿದ್ದರೆ ಅಲ್ಲಿ ಕಣ್ಣೀರು ಬರುತ್ತಿತ್ತು, ಗಮಕ ಬರುತ್ತಿತ್ತು. ಸೂಸನ್ ಬಸ್ ಸ್ಟಾಪಿನಲ್ಲಿ ನಿಂತು ಮಾತಾಡಿದ ಹಾಗೆ ಹಾಡುತ್ತಾಳೆ. ಹಿಂದೆ ತಾಳ ಹಾಕುವುದು ಲಿನ್ ಎಲ್‌ಎಂ-1. ನಿಜವಾದ ಡ್ರಮ್‌ನ ಸದ್ದನ್ನೇ ಚಿಪ್‌ನಲ್ಲಿ ತುಂಬಿಸಿದ, ಆ ಕಾಲಕ್ಕೆ ತೀರಾ ಹೊಸದಾಗಿದ್ದ ಯಂತ್ರ. ನಿರ್ಮಾಪಕ ಮಾರ್ಟಿನ್ ರಷೆಂಟ್ ಅದನ್ನು ಗಡಿಯಾರದ ಹಾಗೆ ಜೋಡಿಸಿದ. ತಣ್ಣನೆ ಯಂತ್ರ, ಬಿಸಿ ಜಗಳ. ಓಕಿಗೆ ಮಾತ್ರ ಈ ಹಾಡು ಹಿಡಿಸಿರಲಿಲ್ಲ. ಆಲ್ಬಂನ ಕಟ್ಟಕಡೆಗೆ ತಳ್ಳಿದ್ದ. ಸಿಂಗಲ್ ಆಗಿ, ಅಂದರೆ ಬಿಡಿ ಹಾಡಿನ ರೆಕಾರ್ಡ್ ಆಗಿ, ಬಿಡುವುದೇ ಬೇಡ ಅಂತ ಕಂಪನಿಯವರ ಜೊತೆ ವಾದಿಸಿದ. 1981ರ ಕ್ರಿಸ್‌ಮಸ್‌ಗೆ ಅದು ಬ್ರಿಟನ್ನಿನಲ್ಲಿ, 1982ರ ಜುಲೈನಲ್ಲಿ ಅಮೆರಿಕದಲ್ಲಿ ಮೊದಲ ಸ್ಥಾನಕ್ಕೆ ಬಂತು.

ಎಲ್ಲರಿಗೂ ಇಂಥ ಅದೃಷ್ಟ ಇರಲಿಲ್ಲ. ಅಲ್ಟ್ರಾವಾಕ್ಸ್‌ನ ‘ವಿಯೆನ್ನಾ’ 1981ರಲ್ಲಿ ಎರಡನೇ ಸ್ಥಾನದಲ್ಲೇ ಕೂತಿತು. ಅದನ್ನು ಮೇಲೆ ಹೋಗದಂತೆ ತಡೆದವುಗಳಲ್ಲಿ ಒಂದು ಜೋ ಡೋಲ್ಚೆಯ ‘ಶಡಪ್ ಯೂ ಫೇಸ್’ ಎಂಬ ತಮಾಷೆ ಹಾಡು. ಅಲ್ಟ್ರಾವಾಕ್ಸ್ ಅಭಿಮಾನಿಗಳ ಮುಂದೆ ಈಗಲೂ ಆ ಹೆಸರು ಎತ್ತಬಾರದು.

ಒಂದು ಸ್ವರ ಬಿಟ್ಟುಹೋದ ಹಾಡು

ಮ್ಯಾಂಚೆಸ್ಟರಿನ ಜಾಯ್ ಡಿವಿಷನ್ ಬ್ಯಾಂಡಿನ ಗಾಯಕ ಇಯಾನ್ ಕರ್ಟಿಸ್ 1980ರ ಮೇ 18ರಂದು, ಅಮೆರಿಕ ಪ್ರವಾಸಕ್ಕೆ ಹೊರಡುವ ಮುನ್ನ, ಆತ್ಮಹತ್ಯೆ ಮಾಡಿಕೊಂಡ. ಉಳಿದ ಮೂವರು ಹೆಸರು ಬದಲಿಸಿ ನ್ಯೂ ಆರ್ಡರ್ ಆದರು. ಕೀಬೋರ್ಡಿಗೆ ಜಿಲಿಯನ್ ಗಿಲ್ಬರ್ಟ್ ಸೇರಿಕೊಂಡಳು. ಆ ದುಃಖದಿಂದ ಹೊರಬರಲು ಅವರು ಹಿಡಿದ ದಾರಿ ವಿಚಿತ್ರ. ನ್ಯೂಯಾರ್ಕಿನ ಕ್ಲಬ್ಬುಗಳಲ್ಲಿ ಕೇಳಿದ ಕುಣಿತದ ತಾಳ.

1983ರ ಮಾರ್ಚಿನಲ್ಲಿ ಬಂದ ‘ಬ್ಲೂ ಮಂಡೇ’ ಏಳೂವರೆ ನಿಮಿಷದ ಹಾಡು. ಮೊದಲ ಎರಡು ನಿಮಿಷ ಮಾತೇ ಇಲ್ಲ. ಓಬರ್‌ಹೈಮ್ ಡಿಎಂಎಕ್ಸ್ ಡ್ರಮ್ ಮಷಿನ್ ಒಂದೇ ಸಮನೆ ಗುದ್ದುತ್ತದೆ, ಆಗಾಗ ಬಂದೂಕಿನ ಹಾಗೆ ತಡಬಡಾಯಿಸುತ್ತದೆ. ಬರ್ನಾರ್ಡ್ ಸಮ್ನರ್ ಬಿಡಿ ಭಾಗಗಳ ಕಿಟ್ ತಂದು, ಬೆಸುಗೆ ಹಾಕಿ ತಾನೇ ಜೋಡಿಸಿದ ಸೀಕ್ವೆನ್ಸರ್ ಬಳಸಿದರು. ಸ್ವರಗಳನ್ನು ಒಂದೊಂದಾಗಿ ಅದಕ್ಕೆ ಉಣಿಸುವ ಕೆಲಸ ಗಿಲ್ಬರ್ಟ್‌ದು. ಮೌಸ್ ಇಲ್ಲ, ಪರದೆ ಇಲ್ಲ. ಇಡೀ ಹಾಡನ್ನು ಎ4 ಹಾಳೆಗಳ ಮೇಲೆ ಬರೆದು, ಹಾಳೆಗೆ ಹಾಳೆ ಟೇಪ್ ಅಂಟಿಸಿ, ಸ್ಟುಡಿಯೋ ಉದ್ದಕ್ಕೂ ಹಾಸಿಕೊಂಡಳು. ಸ್ವೆಟರ್ ಹೆಣೆಯುವ ನಮೂನೆಯ ಹಾಗಿತ್ತು ಅಂತ ಅವಳೇ ಆಮೇಲೆ ನೆನಪಿಸಿಕೊಂಡಿದ್ದಾಳೆ. ಹೆಣಿಗೆಯಲ್ಲಿ ಒಂದು ಕುಣಿಕೆ ತಪ್ಪಿತು. ಒಂದು ಸ್ವರ ಬಿಟ್ಟುಹೋಯಿತು. ಅದರಿಂದ ರಾಗ ತಾಳಕ್ಕಿಂತ ಕೊಂಚ ಪಕ್ಕಕ್ಕೆ ಸರಿದುಬಿಟ್ಟಿತು. ತಿದ್ದದೆ ಹಾಗೇ ಇಟ್ಟರು. ಇವತ್ತು ಕಂಪ್ಯೂಟರ್‌ನಲ್ಲಿ ಆ ಹಾಡನ್ನು ‘ಸರಿಯಾಗಿ’ ಮರುಸೃಷ್ಟಿ ಮಾಡಿದವರ ರೆಕಾರ್ಡಿಂಗ್ ಕೇಳಿದರೆ ಏನೋ ಸಪ್ಪೆ ಅನ್ನಿಸುತ್ತದೆ ಅಲ್ವಾ? ಆ ಸಪ್ಪೆತನಕ್ಕೆ ಕಾರಣ ಈ ಕಾಣೆಯಾದ ಸ್ವರ ಅನ್ನುವುದು ನನ್ನ ಗುಮಾನಿ.

ಆ ರೆಕಾರ್ಡಿನ ಹೊದಿಕೆ ಇನ್ನೊಂದು ಸೋಜಿಗ. ಪೀಟರ್ ಸ್ಯಾವಿಲ್ ಅದನ್ನು ಆ ಕಾಲದ ಫ್ಲಾಪಿ ಡಿಸ್ಕಿನ ಹಾಗೆ, ಅಲ್ಲಲ್ಲಿ ಕತ್ತರಿಸಿ ತೂತು ಮಾಡಿ ವಿನ್ಯಾಸ ಮಾಡಿದ. ಹಾಡಿನ ಹೆಸರಿಲ್ಲ, ಬ್ಯಾಂಡಿನ ಹೆಸರಿಲ್ಲ. ಅಂಚಿನಲ್ಲಿ ಬಣ್ಣದ ಚೌಕಗಳ ಸಂಕೇತ ಮಾತ್ರ. ಮಾರಿದ ಪ್ರತಿ ರೆಕಾರ್ಡಿಗೂ ಕಂಪನಿ ಕೈಯಿಂದ ಕಾಸು ಕಳೆದುಕೊಳ್ಳುತ್ತಿತ್ತು ಅನ್ನುವ ಕತೆ ಮ್ಯಾಂಚೆಸ್ಟರಿನಲ್ಲಿ ಇವತ್ತಿಗೂ ಓಡಾಡುತ್ತದೆ. 12 ಇಂಚಿನ ಸಿಂಗಲ್‌ಗಳಲ್ಲಿ ಬ್ರಿಟನ್ನಿನಲ್ಲಿ ಅತಿ ಹೆಚ್ಚು ಮಾರಾಟವಾದದ್ದು ಇದೇ. ಹಳೇ ಅಭಿಮಾನಿಗಳು ಮಗುವಿನ ಹಾಗೆ ಪ್ಲಾಸ್ಟಿಕ್ ಕವರ್ ಹಾಕಿ ಇಟ್ಟುಕೊಂಡಿರುವುದು ಹಾಡನ್ನಲ್ಲ, ಆ ತೂತಿನ ಹೊದಿಕೆಯನ್ನು.

ಅಮೆರಿಕಕ್ಕೆ ಅಲೆ ತಲುಪಿದ್ದು ಕೇಬಲ್ ಮೂಲಕ

ಮ್ಯಾಂಚೆಸ್ಟರಿನವರಿಗೆ ನ್ಯೂ ಆರ್ಡರ್ ‘ಪೋಸ್ಟ್-ಪಂಕ್’, ಹ್ಯೂಮನ್ ಲೀಗ್ ‘ಸಿಂಥ್-ಪಾಪ್’, ಡ್ಯುರಾನ್ ಡ್ಯುರಾನ್ ‘ನ್ಯೂ ರೊಮ್ಯಾಂಟಿಕ್’. ಒಂದೊಂದಕ್ಕೂ ಒಂದೊಂದು ಡಬ್ಬಿ. ಲಾಸ್ ಏಂಜಲೀಸಿನವರು ಎಲ್ಲವನ್ನೂ ಒಂದೇ ಡಬ್ಬಿಗೆ ಸುರಿದು ‘ನ್ಯೂ ವೇವ್’ ಅಂತ ಬರೆದರು. ಇದಕ್ಕೆ ಎಂಟಿವಿ ದೊಡ್ಡ ಕಾರಣ.

1981ರ ಆಗಸ್ಟ್ 1ರ ನಡುರಾತ್ರಿ ಎಂಟಿವಿ ಶುರುವಾಯಿತು. ಇಪ್ಪತ್ತನಾಲ್ಕು ಗಂಟೆ ಹಾಡಿನ ವಿಡಿಯೋ ತೋರಿಸುತ್ತೇವೆ ಅಂದರು. ಆದರೆ ವಿಡಿಯೋ ಎಲ್ಲಿ? ಅಮೆರಿಕದ ಬ್ಯಾಂಡುಗಳು ಊರೂರು ಸುತ್ತಿ ಕಾರ್ಯಕ್ರಮ ಕೊಡುತ್ತಿದ್ದವು, ವಿಡಿಯೋ ಮಾಡುವ ರೂಢಿ ಕಡಿಮೆ. ಬ್ರಿಟನ್ ಮತ್ತು ಯುರೋಪಿನ ಟಿವಿ ಕಾರ್ಯಕ್ರಮಗಳಿಗೆ ಕಳಿಸಲು ಅಲ್ಲಿನವರು ಮಾಡಿಟ್ಟುಕೊಂಡಿದ್ದರು. ಹೀಗಾಗಿ ಖಾಲಿ ಚಾನೆಲ್ ತುಂಬಿದ್ದು ಬಣ್ಣದ ಕೂದಲಿನ ಬ್ರಿಟಿಷ್ ಹುಡುಗರಿಂದ. 1983ರ ಬೇಸಿಗೆ ಹೊತ್ತಿಗೆ ಅಮೆರಿಕದ ಟಾಪ್ 40ರಲ್ಲಿ ಹೆಚ್ಚುಕಡಿಮೆ ಅರ್ಧ ಅವರದೇ ಹಾಡುಗಳು.

ಎಂಟಿವಿ ತೋರಿಸಿದ ಮೊಟ್ಟಮೊದಲ ಹಾಡು ಬಗಲ್ಸ್ ಬ್ಯಾಂಡಿನ ‘ವಿಡಿಯೋ ಕಿಲ್ಡ್ ದ ರೇಡಿಯೋ ಸ್ಟಾರ್’. ಇಲ್ಲಿ ನಮ್ಮ ಊರಿನ ಒಂದು ಎಳೆ ಇದೆ. ಬಗಲ್ಸ್‌ನ ಟ್ರೆವರ್ ಹಾರ್ನ್ ಮತ್ತು ಜೆಫ್ ಡೌನ್ಸ್ ಒಬ್ಬರಿಗೊಬ್ಬರು ಸಿಕ್ಕಿದ್ದು ಡಿಸ್ಕೋ ಗಾಯಕಿ ಟೀನಾ ಚಾರ್ಲ್ಸ್‌ಳ ಬ್ಯಾಂಡಿನಲ್ಲಿ. 1976ರಲ್ಲಿ ಅವಳನ್ನು ಬ್ರಿಟನ್ನಿನ ನಂಬರ್ ಒನ್ ಮಾಡಿದ ನಿರ್ಮಾಪಕ ಯಾರು? ಬಿಡ್ಡು. ಬೆಂಗಳೂರಿನಲ್ಲಿ ಹುಟ್ಟಿ ಬೆಳೆದ ಕೊಡವರ ಹುಡುಗ. ಬಿಡ್ಡು ಸಂಗೀತ ಕಟ್ಟುವ ರೀತಿ ತನ್ನ ಆರಂಭದ ಕೆಲಸದ ಮೇಲೆ ಪ್ರಭಾವ ಬೀರಿತ್ತು ಅಂತ ಹಾರ್ನ್ ಒಪ್ಪಿಕೊಂಡಿದ್ದಾನೆ. ಇದನ್ನು ಹಿಡಿದು ‘ನ್ಯೂ ವೇವ್ ಹುಟ್ಟಿದ್ದು ಬೆಂಗಳೂರಿನಲ್ಲಿ’ ಅಂತ ಬೋರ್ಡ್ ಹಾಕುವುದು ಬೇಡ. ಆದರೆ ಎಳೆ ನಿಜ.

ಅದೇ ಬಗಲ್ಸ್ ವಿಡಿಯೋ ಮಾಡಿದ ರಸೆಲ್ ಮಲ್ಕೇಹಿ 1982ರಲ್ಲಿ ಡ್ಯುರಾನ್ ಡ್ಯುರಾನ್ ಹುಡುಗರನ್ನು ಶ್ರೀಲಂಕಾಕ್ಕೆ ಕರೆದುಕೊಂಡು ಹೋದ. ‘ಸೇವ್ ಎ ಪ್ರೇಯರ್’ ವಿಡಿಯೋದಲ್ಲಿ ಅವರು ಸಿಗಿರಿಯಾ ಬಂಡೆಯ ಮೇಲೆ ನಿಂತಿದ್ದಾರೆ. ಬರ್ಮಿಂಗ್‌ಹ್ಯಾಮ್‌ನ ಮಳೆಗಾಲದ ಮಕ್ಕಳಿಗೆ ಅದು ಕನಸಿನ ದೇಶ. ನಮಗೆ ತೆಂಗಿನ ಮರ, ಆನೆ, ಬೆವರು.

ಈ ಕತೆಗೆ ಒಂದು ಕಪ್ಪು ಚುಕ್ಕೆಯೂ ಇದೆ. ಎಂಟಿವಿ ಮೊದಲ ಒಂದೂವರೆ ವರ್ಷ ಕಪ್ಪು ಕಲಾವಿದರನ್ನು ತೋರಿಸಿದ್ದು ತೀರಾ ಕಡಿಮೆ. ನಾವು ರಾಕ್ ಚಾನೆಲ್ ಅನ್ನುವ ಸಬೂಬು. 1983ರಲ್ಲಿ ಮೈಕೆಲ್ ಜಾಕ್ಸನ್ ಬಂದ ಮೇಲೆ ಗೋಡೆ ಬಿರುಕುಬಿಟ್ಟಿತು. ಡಿಸ್ಕೋದ, ರೆಗ್ಗೆಯ, ಆಫ್ರಿಕಾದ ತಾಳ ತೆಗೆದುಕೊಂಡ ಬಿಳಿಯರಿಗೆ ‘ನ್ಯೂ ವೇವ್’ ಎಂಬ ಹೆಸರು ಸಿಕ್ಕಿತು. ಅದೇ ತಾಳ ಕೊಟ್ಟವರಿಗೆ ಬೇರೆ ಬಾಗಿಲು. ಹಳೇ ಪಟ್ಟಿಗಳಲ್ಲಿ ಗ್ರೇಸ್ ಜೋನ್ಸ್ ಹೆಸರು ಬಿಟ್ಟುಹೋಗುವುದು ನೋಡಿದಾಗಲೆಲ್ಲ ನನಗೆ ಇದು ಚುಚ್ಚುತ್ತದೆ. ಅವಳ 1981ರ ‘ನೈಟ್‌ಕ್ಲಬಿಂಗ್’ ಆಲ್ಬಂ ನ್ಯೂ ವೇವ್ ಅಲ್ಲದಿದ್ದರೆ ಯಾವುದೂ ಅಲ್ಲ.

ಭಾರತಕ್ಕೆ ಈ ಅಲೆಯ ಒಂದೆರಡು ಹನಿ ನೇರವಾಗಿಯೇ ಬಿದ್ದವು. 1980ರ ಮಾರ್ಚಿನಲ್ಲಿ ದ ಪೊಲೀಸ್ ಬ್ಯಾಂಡ್ ಬೊಂಬಾಯಿಯಲ್ಲಿ ನುಡಿಸಿತು. 1982ರಲ್ಲಿ ಲಂಡನ್ನಿನ ಭಾರತೀಯ ಮನೆತನದ ಹುಡುಗಿ ಶೀಲಾ ಚಂದ್ರ ಹಾಡಿದ, ಮಾನ್ಸೂನ್ ಬ್ಯಾಂಡಿನ ‘ಎವರ್ ಸೋ ಲೋನ್ಲಿ’ ಅಲ್ಲಿನ ಪಟ್ಟಿಯಲ್ಲಿ 12ನೇ ಸ್ಥಾನ ಮುಟ್ಟಿತು.

ಹಾಗಾದರೆ ಮಾಡರ್ನ್ ಟಾಕಿಂಗ್?

ಮೇಜಿನ ನಾಲ್ಕನೆಯವರನ್ನು ಮರೆತಿಲ್ಲ. 1975ರ ನಂತರ ವಿಯೆಟ್ನಾಂ ಬಿಟ್ಟು ಬಂದ ಸಾವಿರಾರು ಕುಟುಂಬಗಳು ಕ್ಯಾಲಿಫೋರ್ನಿಯಾದ ಆರೆಂಜ್ ಕೌಂಟಿಯಲ್ಲಿ ನೆಲೆಸಿದವು. ಅವರ ಮಕ್ಕಳು ಎಂಬತ್ತರ ದಶಕದಲ್ಲಿ ಹದಿಹರೆಯಕ್ಕೆ ಬಂದರು. ಮನೆಯಲ್ಲಿ ಅಪ್ಪ-ಅಮ್ಮನ ಶೋಕಗೀತೆ, ಶಾಲೆಯಲ್ಲಿ ತಮ್ಮನ್ನು ಸೇರಿಸಿಕೊಳ್ಳದ ಗುಂಪುಗಳು. ಅವರು ಆರಿಸಿಕೊಂಡದ್ದು ಜರ್ಮನಿಯ ಮಾಡರ್ನ್ ಟಾಕಿಂಗ್, ಸಿಸಿ ಕ್ಯಾಚ್, ಬ್ಯಾಡ್ ಬಾಯ್ಸ್ ಬ್ಲೂ. ಸಂಗೀತ ಪಂಡಿತರು ಇದನ್ನು ಯುರೋಡಿಸ್ಕೋ ಅನ್ನುತ್ತಾರೆ. ಆ ಮಕ್ಕಳು ‘ನ್ಯೂ ವೇವ್’ ಅಂದರು. ಕೂದಲು ಮೇಲಕ್ಕೆ ನಿಲ್ಲಿಸಿಕೊಂಡು ಸಭಾಂಗಣಗಳಲ್ಲಿ ಕುಣಿದರು. ಲಿಂಡಾ ಟ್ರಾಂಗ್ ಡಾಯ್ ಎಂಬ ಗಾಯಕಿ ಅವರ ತಾರೆಯಾದಳು.

ತಪ್ಪು ಅಂತ ಹೇಳುವುದು ಸುಲಭ. ಆದರೆ ಸೀಮೋರ್ ಸ್ಟೈನ್ ಮಾಡಿದ್ದಾದರೂ ಏನು? ಕೈಯಲ್ಲಿದ್ದ ಮಾಲಿಗೆ ಹೊಸ ಬೋರ್ಡ್ ಹಾಕಿದ. ಇವರೂ ತಮ್ಮ ಮಾಲಿಗೆ ಅದೇ ಬೋರ್ಡ್ ಹಾಕಿಕೊಂಡರು. ಅವನದು ವ್ಯಾಪಾರಕ್ಕೆ, ಇವರದು ಬದುಕಿಗೆ.

ಮನುಷ್ಯನಿಗೆ ಹತ್ತರಿಂದ ಮೂವತ್ತರ ನಡುವಿನ ನೆನಪುಗಳು ಉಳಿದವಕ್ಕಿಂತ ಗಟ್ಟಿಯಾಗಿ ಉಳಿಯುತ್ತವೆ ಅಂತ ಮನಶ್ಶಾಸ್ತ್ರದವರು ಗುರುತಿಸಿದ್ದಾರೆ. ಹಾಡಿನ ವಿಷಯದಲ್ಲಿ ಇದು ಇನ್ನೂ ಜಾಸ್ತಿ. ಬ್ರಿಟನ್ನಿನ ಹುಡುಗ ರಾತ್ರಿ ಹತ್ತಕ್ಕೆ ಹೊದಿಕೆಯೊಳಗೆ ರೇಡಿಯೋ ಇಟ್ಟುಕೊಂಡು ಜಾನ್ ಪೀಲ್ ಕಾರ್ಯಕ್ರಮ ಕೇಳಿದ್ದ. ಲಾಸ್ ಏಂಜಲೀಸಿನ ಹುಡುಗಿ ಕೆ-ರಾಕ್ ಎಂಬ ರೇಡಿಯೋ ಸ್ಟೇಷನ್ನಿನ ಹಾಡನ್ನು ಕ್ಯಾಸೆಟ್ಟಿಗೆ ಇಳಿಸುವಾಗ ನಿರೂಪಕ ನಡುವೆ ಬಾಯಿ ಹಾಕಿದ್ದ. ಆ ಮಾತೂ ಸೇರಿಯೇ ಅವಳಿಗೆ ಆ ಹಾಡು. ಅವರವರ ಕ್ಯಾಸೆಟ್ಟಿನಲ್ಲಿ ಇದ್ದದ್ದು ಅವರವರ ನ್ಯೂ ವೇವ್. ಅದನ್ನು ‘ಅಲ್ಲ’ ಅಂದರೆ ಅವರು ಸಿಟ್ಟಾಗುವುದು ಪದಕ್ಕಲ್ಲ, ಹದಿನೈದರ ವಯಸ್ಸನ್ನು ಕಿತ್ತುಕೊಂಡದ್ದಕ್ಕೆ.

ಶೆಫೀಲ್ಡಿನಲ್ಲಿ ಕ್ರೇಜಿ ಡೇಜಿ ಎಂದೋ ಮುಚ್ಚಿತು. ಹ್ಯೂಮನ್ ಲೀಗ್ ಮುಚ್ಚಿಲ್ಲ. ಅಂದು ಡಿಸ್ಕೋದಲ್ಲಿ ಸಿಕ್ಕ ಇಬ್ಬರು ಹುಡುಗಿಯರಿಗೂ ಈಗ ಅರವತ್ತು ದಾಟಿದೆ. ಇಬ್ಬರೂ ಓಕಿಯ ಅಕ್ಕಪಕ್ಕದಲ್ಲೇ ನಿಂತು ಹಾಡುತ್ತಾರೆ. ಓಕಿ ಬೇಡವೆಂದ ಆ ಹಾಡು ಇಲ್ಲದೆ ಕಾರ್ಯಕ್ರಮ ಮುಗಿಯುವ ಹಾಗಿಲ್ಲ. ಗಂಡಿನ ಚರಣ ಮುಗಿದು ಹೆಣ್ಣಿನ ಚರಣ ಬರುವಾಗ ಸೂಸನ್ ಮೈಕ್ ಎತ್ತುತ್ತಾರೆ. ಅಷ್ಟರಲ್ಲಿ ಸಭೆ ಅರ್ಧ ಕ್ಷಣ ಮುಂಚೆಯೇ ಶುರು ಮಾಡಿಬಿಟ್ಟಿರುತ್ತದೆ.